ಗಾಳಕ್ಕೊಂದು ಸುಂಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಶಾಸನಗಳನ್ನು ಓದುವವರಿಗೆ ಈ ಸುಂಕದವನು ಹಳೆಯ ಪರಿಚಯದವನೇ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಅವನು ಎತ್ತುತ್ತಿದ್ದ ಹಣಕ್ಕೆ ಹೆಸರುಗಳೇ ಹಲವು. ಹೊಟ್ಟೆಪಾಡಿನ ಸರಕಿಗೆ ಸುಂಕ ತೆತ್ತವನ ಗೋಳನ್ನು ಯಾರಾದರೂ ಕೇಳಿಯಾರು; ಹವ್ಯಾಸದ ಸಾಮಗ್ರಿಗೆ ತೆತ್ತವನ ಗೋಳನ್ನು ಕೇಳುವವರಾರು? ಆದರೂ ಶಿವನಸಮುದ್ರದ ಕೆಳಗಣ ಕಾವೇರಿಯನ್ನು ನೆನೆದಾಗಲೆಲ್ಲ ಅಂಥದೊಂದು ಹವ್ಯಾಸದ ಕಥೆಯನ್ನು ಹೇಳಬೇಕೆಂದು ನನಗೆ ತೋರುತ್ತದೆ.

ಗಗನಚುಕ್ಕಿ ಬರಚುಕ್ಕಿಗಳಲ್ಲಿ ಧುಮುಕಿದ ನದಿಯು ಬಂಡೆಗಳ ನಡುವೆ ನುಸುಳಿ ಭೀಮೇಶ್ವರಿ, ಮುತ್ತತ್ತಿಗಳ ಕಡೆಗೆ ಹರಿಯುತ್ತದೆ. ಅಲ್ಲಿಯ ಮಡುಗಳಲ್ಲಿ ವಾಸಿಸುವ ದೊಡ್ಡ ಮೀನನ್ನು ಇಂಗ್ಲಿಷರು ಮಹಸೀರ್ ಎಂದು ಕೊಂಡಾಡಿದರು. ನದಿಯ ದಡದವರಿಗೆ ಅದು ಬಿಳಿಮೀನು. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು ತೂಗಿತು. ಎಳೆಯ ಮನುಷ್ಯನೊಬ್ಬನ ತೂಕವೇ ಸರಿ!

ಇಂಥ ಬಲಶಾಲಿಯನ್ನು ತಡೆದು ನಿಲ್ಲಿಸುವ ಸಾಮಗ್ರಿ ಮಳವಳ್ಳಿಯ ಸಂತೆಯಲ್ಲಿ ದೊರೆಯುವಂಥದಲ್ಲ. ಕೋಲು, ರಾಟೆಗಳಿಗೆ ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿ ಸಹೋದರರು ಹೆಸರಾದರೆ, ಕೊಕ್ಕೆಗಳಿಗೆ ರೆಡಿಚ್ ಪಟ್ಟಣವು ಹೆಸರಾಗಿತ್ತು. 1927ರಿಂದ ರೂಪಾಯಿಗೆ ಒಂದೂವರೆ ಷಿಲ್ಲಿಂಗಿನ ದರ ನಿಂತುದರಿಂದ, ಪೌಂಡೊಂದಕ್ಕೆ 13 ರೂಪಾಯಿ 5 ಆಣೆ 4 ಪೈ ಎಂದು ಕೊಳ್ಳುವವನು ಬಾಯಿಲೆಕ್ಕದಲ್ಲೇ ಹೇಳಬಹುದಾಗಿತ್ತು.

ಆದರೆ ಪಟ್ಟಿಯಲ್ಲಿ ಅಚ್ಚಾದ ಬೆಲೆಯೇ ಕೊನೆಯ ಬೆಲೆಯಲ್ಲ. ಸುಂಕವು ಪದಾರ್ಥದ ಬೆಲೆಯ ಮೇಲೆ ಮಾತ್ರವಲ್ಲದೆ, ಹಡಗಿನ ಬಾಡಿಗೆ, ವಿಮೆಗಳು ಸೇರಿದ ಮೊತ್ತದ ಮೇಲೆ ಬೀಳುತ್ತದೆ. 10 ಪೌಂಡಿನ ಕೋಲಿಗೆ 2 ಪೌಂಡು ಸಾಗಣೆಯ ವೆಚ್ಚವಾಯಿತೆಂದೂ, ಸುಂಕ ನೂರಕ್ಕೆ 50 ಎಂದೂ ಭಾವಿಸೋಣ. ಹಳೆಯ ದರದಲ್ಲಿ 12 ಪೌಂಡಿಗೆ 160 ರೂಪಾಯಿ, ಸುಂಕ 80, ಒಟ್ಟು 240. 1966ರ ಜೂನ್ 6ರಂದು ರೂಪಾಯಿಯ ಮೌಲ್ಯವನ್ನು ಇಳಿಸಲಾಗಿ ಡಾಲರು 4.76ರಿಂದ 7.50ಕ್ಕೂ, ಪೌಂಡು 21 ರೂಪಾಯಿಗೂ ಏರಿದವು. ಅದೇ ಕೋಲಿಗೆ ಈಗ 252, ಸುಂಕ 126, ಒಟ್ಟು 378! ಅಂಗಡಿಯವನು ಒಂದು ಪೆನ್ನಿಯನ್ನೂ ಏರಿಸಲಿಲ್ಲ, ಸರ್ಕಾರ ಸುಂಕದ ದರವನ್ನೂ ಮುಟ್ಟಲಿಲ್ಲ. ಆದರೂ ಕೊಳ್ಳುವವನಿಗೆ 138 ರೂಪಾಯಿ ಹೆಚ್ಚಾಯಿತು. ವಿನಿಮಯದ ಏರಿಕೆಗೆ ಸುಂಕವೂ ನೆರಳಿನಂತೆ ಹಿಂಬಾಲಿಸುವುದೆಂಬುದೇ ಇದರ ಗುಟ್ಟು. ಇನ್ನು 1957ರ ವಿದೇಶೀ ಹಣದ ಮುಗ್ಗಟ್ಟಿನ ಅನಂತರ ಆಮದಿನ ಪರವಾನಗಿಯೇ ದುರ್ಲಭವಾದುದು ಬೇರೆಯ ಮಾತು. ಯಂತ್ರ, ಧಾನ್ಯಗಳಿಗೆ ಹಣ ಸಾಲದ ದೇಶದಲ್ಲಿ ಗಾಳದ ಕೋಲಿಗೆ ಮೊದಲ ಮಣೆ ಸಲ್ಲದೆಂಬುದು ನ್ಯಾಯವೇ.

ಇಷ್ಟೆಲ್ಲ ತೆತ್ತು ತರಿಸಿದ ಕೊಕ್ಕೆಗೆ ಈ ಮಡುಗಳಲ್ಲಿ ಸಿಕ್ಕಿಸುತ್ತಿದ್ದುದಾದರೂ ಏನು? ರಾಗಿಯ ಮುದ್ದೆ! ಮಂಡ್ಯದ ಒಕ್ಕಲಿಗನ ಊಟವೇ ಮಹಸೀರಿಗೂ ಮೆಚ್ಚಾಯಿತು. 1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ವನ್ಯಜೀವಿ ಸಂಘವೂ, ಭೀಮೇಶ್ವರಿಯ ಶಿಬಿರವೂ ಹಿಡಿದ ಮೀನನ್ನು ತೂಗಿ ನೀರಿಗೇ ಬಿಡುವ ಪದ್ಧತಿಯನ್ನು ಬೆಳೆಸಿದವು. ನದಿಗೆ ಸಿಡಿಮದ್ದು ಎಸೆಯುವವರ ಮೇಲೆ ಕಾವಲು ಏರ್ಪಟ್ಟಿತು; ದಡದ ಹಳ್ಳಿಗರಿಗೆ ಕೂಲಿಯೂ ದೊರೆಯಿತು. ಕಾವೇರಿ ವನ್ಯಧಾಮದಲ್ಲಿ ಈ ಆಟ 2010ರ ದಶಕದಲ್ಲಿ ನಿಂತುಹೋಯಿತು.

ಇಲ್ಲಿಯೇ ವಿಚಾರಿಸಬೇಕಾದ ಸಂಗತಿಯೊಂದಿದೆ. ಮೀನಿನ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದಲೇ 1970ರ ದಶಕದಿಂದ ಲೋನಾವಳದಲ್ಲಿ ಬೆಳೆಸಿದ ಬೇರೊಂದು ಜಾತಿಯ ಮಹಸೀರ್ ಮರಿಗಳನ್ನು ಕಾವೇರಿಗೆ ತಂದು ಬಿಡಲಾಯಿತು. ಹೊರಗಿನಿಂದ ಬಂದುದು ಹಬ್ಬಿತು. ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕುಗ್ಗಿತು. ವಿಜ್ಞಾನಿಗಳು ಅದರ ಶಾಸ್ತ್ರೀಯ ಹೆಸರನ್ನು ಟಾರ್ ರೆಮಾದೇವಿ ಎಂದು ನಿಶ್ಚಯಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ದೊರೆಯುವ ಹೊತ್ತಿಗೆ ಉಸಿರೇ ಕಡಿಮೆಯಾಗಿದ್ದಿತು.

ಬಂದರಿನಲ್ಲಿ ಒಂದು ಕೊಕ್ಕೆಯನ್ನೂ ಬಿಚ್ಚಿ ನೋಡದೆ ಒಳಕ್ಕೆ ಬಿಡದ ನಾವು, ಒಂದು ನದಿಗೆ ಇನ್ನೊಂದು ಕಡೆಯ ಜೀವವನ್ನು ಬಿಡುವಾಗ ಯಾವ ಗಡಿಕಟ್ಟೆಯನ್ನೂ ಇಡಲಿಲ್ಲ. ಹಿಂದಿನ ಅರಸರು ಸುಂಕದ ಉತ್ಪತ್ತಿಯನ್ನು ದೇವರ ನಂದಾದೀವಿಗೆಗೆ ದತ್ತಿಬಿಡುತ್ತಿದ್ದರೆಂದು ಶಾಸನಗಳು ಹೇಳುತ್ತವೆ. ಹವ್ಯಾಸಿಯು ತೆತ್ತ ಸುಂಕದಲ್ಲಿ ಒಂದಂಶವಾದರೂ ಆ ಹವ್ಯಾಸಕ್ಕೆ ಆಧಾರವಾದ ನದಿಯ ಪಾಲಿಗೆ ಸಂದಿದ್ದರೆ, ಬಿಳಿಮೀನಿನ ಮಡುಗಳಲ್ಲಿಯೂ ಒಂದು ದೀಪ ಉರಿಯುತ್ತಿದ್ದಿತು.