ಗೇಟಿಲ್ಲದ ಉದ್ಯಾನಗಳು: ಶಿರಸಿ ಸೀಮೆಯ ಕೆರೆ, ಬಯಲು ಮತ್ತು ಕೇರಿ

ಉತ್ತರ ಕನ್ನಡ ಜಿಲ್ಲೆಯನ್ನು ಕರಾವಳಿ ಮತ್ತು ಘಟ್ಟದ ಮೇಲೆ ಎಂದು ಎರಡು ಭಾಗ ಮಾಡಿ ನೋಡುವುದು ಮೊದಲಿನಿಂದಲೂ ಬಂದ ರೂಢಿಯಾಗಿದ್ದು, ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳು ಕಡಲಂಚಿನ ಪೇಟೆಗಳಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಸಹ್ಯಾದ್ರಿಯ ನೆತ್ತಿಯ ಮೇಲಿನ ಪೇಟೆಗಳು. ಕಡಲಂಚಿನ ಪೇಟೆಗೆ ಒಂದು ದೊಡ್ಡ ಅನುಕೂಲವಿದೆ. ಯಾರ ಖಾತೆಗೂ ಸೇರದ ಮರಳ ದಂಡೆ ಅಲ್ಲಿ ತಾನಾಗಿಯೇ ಸಾರ್ವಜನಿಕ ಬಯಲಾಗುತ್ತದೆ. ಸಂಜೆಯ ತಿರುಗಾಟ, ಮಕ್ಕಳ ಆಟ, ಮೀನುಗಾರರ ಬಲೆ ಒಣಗಿಸುವ ಕೆಲಸ ಎಲ್ಲವೂ ಅಲ್ಲಿಯೇ ನಡೆಯುತ್ತವೆ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದ ರವೀಂದ್ರನಾಥ ಟ್ಯಾಗೋರರ ಹೆಸರನ್ನು ಇಂದು ಕಾರವಾರದ ಕಡಲತೀರವೇ ಹೊತ್ತಿದೆ. ಘಟ್ಟದ ಮೇಲಿನ ಪೇಟೆಗಳಿಗೆ ಇಂಥ ಉಚಿತ ಬಯಲು ಸಿಗಲಿಲ್ಲ. ಸುತ್ತಲೂ ಗುಡ್ಡ, ಗುಡ್ಡದ ಮೇಲೆ ಕಾಡು, ತಗ್ಗಿನಲ್ಲಿ ಅಡಿಕೆ ತೋಟ ಮತ್ತು ಗದ್ದೆ. ಸಮತಟ್ಟಾದ ಜಾಗವೆಂದರೆ ಅದು ಉಳುಮೆಯ ಜಾಗವೇ. ಹೀಗಿದ್ದೂ ಈ ಪೇಟೆಗಳು ತಮ್ಮ ನಡುವೆ ಬಯಲನ್ನು ಉಳಿಸಿಕೊಂಡು ಬಂದವು, ಮತ್ತು ಉಳಿದದ್ದು ಅಲಂಕಾರಕ್ಕಾಗಿ ಅಲ್ಲ, ಕೆಲಸಕ್ಕಾಗಿ ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಶಿರಸಿಯ ಸಂದರ್ಭದಲ್ಲಿ ಈ ಮಾತಿಗೆ ಮೊದಲ ಸಾಕ್ಷಿ ಕೆರೆಗಳು. ಪೇಟೆಯಲ್ಲಿರುವ ಶಂಕರಹೊಂಡವನ್ನು ಅಘನಾಶಿನಿ ನದಿಯ ಮೂಲವೆಂದು ಜನ ನಂಬುತ್ತಾರೆ. ಭೂಗೋಳದ ಲೆಕ್ಕದಲ್ಲಿ ಈ ನದಿಗೆ ಎರಡು ಕವಲುಗಳಿದ್ದು, ಮಂಜುಗುಣಿಯ ಕಡೆಯಿಂದ ಬರುವ ಬಕೂರ ಹೊಳೆ ಮತ್ತು ಶಿರಸಿಯ ಬಳಿ ಹುಟ್ಟುವ ದೋಣಿಹಳ್ಳ ಮುತ್ತಳ್ಳಿಯ ಹತ್ತಿರ ಕೂಡಿ ಅಘನಾಶಿನಿಯಾಗುತ್ತವೆ. ಆ ನೀರು ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟ ಇಳಿದು, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಕುಮಟಾ ತಾಲೂಕಿನ ತದಡಿಯ ಬಳಿ ಸಮುದ್ರ ಸೇರುತ್ತದೆ. ಶಿರಸಿಯ ಒಂದು ಕೇರಿಯ ಚರಂಡಿ ಎಲ್ಲಿಗೆ ಹರಿಯುತ್ತದೆ ಎಂಬುದು ತದಡಿಯ ಅಳಿವೆಯಲ್ಲಿ ಚಿಪ್ಪಿಕಲ್ಲು ಆಯುವ ಹೆಂಗಸರಿಗೂ ಸಂಬಂಧಿಸಿದ ಸಂಗತಿ ಎಂಬುದನ್ನು ಪೇಟೆಯ ಯೋಜನೆ ಹಾಕುವವರು ನೆನಪಿಡುವುದು ಕಡಿಮೆ.

ಪೇಟೆಯ ಇತಿಹಾಸವೂ ಕೆರೆಯ ಸುತ್ತಲೇ ಬೆಳೆದದ್ದು. ಶಿರಸಿಯಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಸೋಂದಾ, ಅಂದರೆ ಸೋದೆ, 16ನೆಯ ಶತಮಾನದ ನಡುವಿನಿಂದ ನಾಯಕ ಅರಸರ ರಾಜಧಾನಿಯಾಗಿತ್ತು. ಶಿರಸಿಯಲ್ಲಿ ಆ ಅರಸರ ಕೋಟೆಯೊಂದಿತ್ತು. ಕೋಟೆಯ ಗೋಡೆಗಳು ಹೋದರೂ ಕೋಟೆಕೆರೆ ಎಂಬ ಹೆಸರು ಮತ್ತು ಆ ಕೆರೆ ಉಳಿದಿವೆ. 18ನೆಯ ಶತಮಾನದ ಅರವತ್ತರ ದಶಕದಲ್ಲಿ ಹೈದರಾಲಿಯ ಸೇನೆ ಸೋದೆಯನ್ನು ಹಿಡಿದು, ಅರಸು ಮನೆತನ ಗೋವೆಯ ಆಶ್ರಯಕ್ಕೆ ಹೋದ ಮೇಲೆ ಸೋದೆ ಕುಗ್ಗಿತು, ಶಿರಸಿ ಬೆಳೆಯಿತು. ಟಿಪ್ಪುವಿನ ಪತನದ ನಂತರ ಈ ಸೀಮೆ ಮದರಾಸು ಆಡಳಿತಕ್ಕೆ ಸೇರಿತು. 1801ರಲ್ಲಿ ಈ ದಾರಿಯಲ್ಲಿ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳನ್ನು ನೋಡಿ, ಇಲ್ಲಿಯ ಅಡಿಕೆ ಮತ್ತು ಕಾಳುಮೆಣಸಿನ ತೋಟಗಳ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಪೇಟೆಯ ಸ್ವರೂಪವನ್ನು ನಿಜವಾಗಿ ಬದಲಿಸಿದ್ದು ಹತ್ತಿ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾದ ಹೊತ್ತಿನಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತ್ತು. ಧಾರವಾಡದ ಬಯಲುಸೀಮೆಯ ಹತ್ತಿ ಗಾಡಿಗಳಲ್ಲಿ ಹೊರಟು, ಶಿರಸಿಯನ್ನು ಹಾದು, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು, ಮತ್ತು ಆ ಬಂದರಿನ ಹೆಸರಿನಿಂದಲೇ ಹೊರದೇಶದ ಮಾರುಕಟ್ಟೆಯಲ್ಲಿ ಗುರುತಿಸಿಕೊಳ್ಳುತ್ತಿತ್ತು. ಎತ್ತು ಬಿಚ್ಚಲು, ನೀರು ಕುಡಿಸಲು, ರಾತ್ರಿ ತಂಗಲು ಗಾಡಿಯವರಿಗೆ ಬಯಲು ಮತ್ತು ಕೆರೆ ಎರಡೂ ಬೇಕು. ಹೀಗೆ ಬಯಲಿಗೆ ವ್ಯಾಪಾರದ ಕಾರಣವೂ ಸೇರಿಕೊಂಡಿತು. ಗಲ್ಲಿ, ಚೌಕ, ನಾಕೆ ಎಂಬ ಹೆಸರುಗಳು ಮುಂಬಯಿ ಆಡಳಿತದ ಕಾಲದ ಗುರುತುಗಳಾಗಿ ಇಂದಿಗೂ ಪೇಟೆಯಲ್ಲಿ ಉಳಿದಿವೆ. ಯಲ್ಲಾಪುರ ನಾಕೆ ಎಂದರೆ ಊರಿನಲ್ಲಿ ಯಾರಿಗೂ ದಾರಿ ವಿವರಿಸಬೇಕಾಗಿಲ್ಲ. ನಾಕೆ ಎಂದರೆ ಊರೊಳಗೆ ಬರುವ ಸರಕಿಗೆ ಸುಂಕ ತೆಗೆದುಕೊಳ್ಳುವ ಕಟ್ಟೆ.

ಶಿರಸಿಯ ಮಾರಿಕಾಂಬೆಯ ಕಥೆಯೂ ಕೆರೆಯಿಂದಲೇ ಆರಂಭವಾಗುತ್ತದೆ. ಪೇಟೆಯ ನಡುವಿನ ದೇವಿಕೆರೆಯಲ್ಲಿ ದೇವಿಯ ಮರದ ವಿಗ್ರಹ ದೊರೆತು, 17ನೆಯ ಶತಮಾನದ ಕೊನೆಯಲ್ಲಿ ಈಗಿನ ಜಾಗದಲ್ಲಿ ಪ್ರತಿಷ್ಠೆಯಾಯಿತೆಂಬುದು ದೇವಸ್ಥಾನದ ಪರಂಪರೆ. ಗುಡಿಯ ಗೋಡೆಗಳಲ್ಲಿ ಕಾವಿ ಕಲೆಯ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಒಣಗುವ ಮೊದಲೇ ಕೆರೆದು ಚಿತ್ರ ಬಿಡಿಸುವ ಈ ಪದ್ಧತಿ ಕರಾವಳಿ ಮತ್ತು ಗೋವೆಯ ಗುಡಿಗಳಲ್ಲಿ ಹೆಚ್ಚಾಗಿ ಕಾಣುವಂಥದ್ದು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಜಾತ್ರೆಯೇ ಬಿಡ್ಕಿಬೈಲು ಎಂಬ ವಿಶಾಲ ಜಾಗವನ್ನು ಕಾಯ್ದ ಶಕ್ತಿ. ಮಂಗಳವಾರ ರಾತ್ರಿ ಕಲ್ಯಾಣೋತ್ಸವವಾಗಿ ಬುಧವಾರ ದೇವಿ ರಥವೇರಿ ಬಿಡ್ಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಮುಂದಿನ ಬುಧವಾರದವರೆಗೆ ಆ ಬಯಲೇ ಗುಡಿ. ಬಡಗಿಗಳು ರಥ ಕಟ್ಟುವುದರಿಂದ ಹಿಡಿದು ಅಸಾದಿಯರು ದೇವಿಯ ಮುಂದೆ ಹಾಡುವವರೆಗೆ ಬೇರೆ ಬೇರೆ ಸಮುದಾಯಗಳಿಗೆ ಇಲ್ಲಿ ಗೊತ್ತುಪಡಿಸಿದ ಕೆಲಸಗಳಿವೆ. ಜಾತ್ರೆಯ ಕೊನೆಗೆ ಮಾತಂಗಿ ಚಪ್ಪರಕ್ಕೆ ಬೆಂಕಿ ಇಡಲಾಗುತ್ತದೆ. ಯುಗಾದಿಯಂದು ದೇವಿಯ ಮರುಪ್ರತಿಷ್ಠೆಯಾಗುವವರೆಗೆ ಗುಡಿಯ ಬಾಗಿಲು ಮುಚ್ಚಿರುತ್ತದೆ. ಹಿಂದೆ ಇದ್ದ ಕೋಣಬಲಿ 1930ರ ದಶಕದಲ್ಲಿ ನಿಂತಿತು. 1934ರಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿ ಗಾಂಧೀಜಿ ಶಿರಸಿಗೆ ಬಂದದ್ದು ಇದೇ ಕಾಲದಲ್ಲಿ.

ಜಾತ್ರೆಯ ದಿನಗಳಲ್ಲಿ ಯಕ್ಷಗಾನದ ಟೆಂಟು, ನಾಟಕದ ಕಂಪನಿ, ತೊಟ್ಟಿಲು, ಬಳೆ ಅಂಗಡಿ, ಮಿಠಾಯಿ ಅಂಗಡಿಗಳು ತುಂಬುವ ಈ ಭಾಗ ಉಳಿದ ದಿನಗಳಲ್ಲಿ ವಾಹನ ನಿಲ್ಲಿಸುವ, ವ್ಯಾಪಾರ ನಡೆಸುವ ಪೇಟೆಯ ಸಾಮಾನ್ಯ ಜಾಗವಷ್ಟೆ. ಕಂಬಿಬೇಲಿಯಿಲ್ಲ, ಹೂವಿನ ಪಾತಿಯಿಲ್ಲ, ಪ್ರವೇಶದ ಸಮಯವಿಲ್ಲ. ಪೇಟೆಯ ನಡುವಿನ ಇಷ್ಟು ಬೆಲೆಬಾಳುವ ನೆಲ ಕಟ್ಟಡಗಳಿಂದ ಮುಚ್ಚಿಹೋಗದೆ ಇರುವುದು ಯಾವ ಕಾನೂನಿನ ಬಲದಿಂದಲೂ ಅಲ್ಲ; ಎರಡು ವರ್ಷಕ್ಕೊಮ್ಮೆ ದೇವಿ ಅಲ್ಲಿಗೆ ಬರಲೇಬೇಕು, ರಥ ತಿರುಗಲು ಜಾಗ ಇರಲೇಬೇಕು ಎಂಬ ಒಂದೇ ಕಾರಣದಿಂದ.

ಜಾತ್ರೆ ಇಲ್ಲದ ವರ್ಷದಲ್ಲಿ ಹೋಳಿಯ ಹಿಂದಿನ ರಾತ್ರಿಗಳಲ್ಲಿ ನಡೆಯುವ ಬೇಡರ ವೇಷ ಈ ಪೇಟೆಯ ಗಲ್ಲಿಗಳ ಬದುಕನ್ನು ಅರಿಯಲು ಇನ್ನೂ ಒಳ್ಳೆಯ ಕಿಂಡಿ. ಕೆಂಪು ಬಟ್ಟೆ, ದೊಡ್ಡ ಮೀಸೆ, ಬೆನ್ನಿಗೆ ನವಿಲುಗರಿಯ ಹರಹು, ಕೈಯಲ್ಲಿ ಕತ್ತಿ ಗುರಾಣಿ ಹಿಡಿದ ಬೇಡ ತಮಟೆಯ ಬಡಿತಕ್ಕೆ ಕುಣಿಯುತ್ತ ಜನರ ಮೇಲೆ ನುಗ್ಗುವಾಗ, ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದೆಳೆಯುವವರು ಇರುತ್ತಾರೆ. ಊರಿನ ಕಾವಲಿಗೆಂದು ನೇಮಕವಾದ ಮಲ್ಲೇಶಿ ಎಂಬವನು ಕಾಯುವ ಬದಲು ಕಾಡತೊಡಗಿ, ಹೆಂಗಸರಿಗೆ ಕಂಟಕನಾದಾಗ, ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆ ಅವನನ್ನು ಮದುವೆಯಾಗಿ ಅವನ ಅಂತ್ಯಕ್ಕೆ ಕಾರಣಳಾದಳು ಎಂಬುದು ಇದರ ಹಿಂದಿನ ಐತಿಹ್ಯ. ಕಥೆ ಎಷ್ಟರಮಟ್ಟಿಗೆ ಚರಿತ್ರೆ ಎಂಬ ಪ್ರಶ್ನೆಗಿಂತ, ಒಂದೊಂದು ಗಲ್ಲಿಯೂ ತನ್ನದೇ ಬೇಡನನ್ನು ಸಿದ್ಧಮಾಡಿ, ವಂತಿಗೆ ಎತ್ತಿ, ಹುಡುಗರಿಗೆ ತಾಲೀಮು ಕೊಟ್ಟು, ಪಕ್ಕದ ಗಲ್ಲಿಯ ಬೇಡನಿಗಿಂತ ತಮ್ಮವನು ಚೆನ್ನಾಗಿ ಕುಣಿಯಲಿ ಎಂದು ಹಟ ಹಿಡಿಯುವುದು ಹೆಚ್ಚು ಕುತೂಹಲದ ಸಂಗತಿ. ಆ ರಾತ್ರಿಗಳಲ್ಲಿ ರಸ್ತೆ ವಾಹನದ್ದಲ್ಲ, ನೆರೆಹೊರೆಯದ್ದು.

ಪೇಟೆಯಿಂದ ಹೊರಗೆ ಹಳ್ಳಿಗಳ ಕಡೆ ಹೋದರೆ ಸಾರ್ವಜನಿಕ ಜಾಗದ ಕಲ್ಪನೆ ಮತ್ತೊಂದು ರೂಪ ತಳೆಯುತ್ತದೆ. ಕೇರಿ ಎಂದರೆ ಗುಡ್ಡದ ಬುಡದಲ್ಲಿ ಸಾಲಾಗಿ ನಿಂತ ಮನೆಗಳು. ಮನೆಯ ಮುಂದೆ ಅಡಿಕೆ ಒಣಗಿಸುವ ಅಂಗಳ, ಕೆಳಗೆ ತೋಟ, ಹಿಂದೆ ಬೆಟ್ಟ. ಈ ಬೆಟ್ಟಕ್ಕೆ ಸೊಪ್ಪಿನ ಬೆಟ್ಟ ಎಂದು ಹೆಸರು. ಹಸಿ ಸೊಪ್ಪನ್ನೂ ಉದುರಿದ ದರಕನ್ನೂ ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕಲು ಬ್ರಿಟಿಷರ ಕಾಲದಲ್ಲಿ ಅಡಿಕೆ ಬೆಳೆಗಾರರಿಗೆ ಈ ಕಾಡಿನ ಮೇಲೆ ಹಕ್ಕನ್ನು ಕೊಡಲಾಯಿತು. ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ ಎಂಬುದು ಲೆಕ್ಕ. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದು. ತೋಟವಿಲ್ಲದ ಬಡವರಿಗೆ ಈ ಏರ್ಪಾಡಿನಲ್ಲಿ ಪಾಲು ಸಿಗಲಿಲ್ಲ ಎಂಬ ಟೀಕೆ ನ್ಯಾಯವಾದದ್ದೇ. ಇದರ ಜೊತೆಗೆ ದನ ಮೇಯುವ ಹುಲ್ಲುಗಾವಲಾದ ಬೇಣ ಮತ್ತು ದೇವರ ಹೆಸರಿನಲ್ಲಿ ಕೊಡಲಿ ಮುಟ್ಟಿಸದ ಕಾನು ಸೇರಿ ಹಳ್ಳಿಯ ಭೂಮಿ ಪೂರ್ಣವಾಗುತ್ತಿತ್ತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಿನ ಜನ ಕಳಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಮಾಡಿದ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದಾಗ ಅವರು ಉಳಿಸಹೊರಟದ್ದು ನೋಡಿ ಆನಂದಿಸುವ ವನವನ್ನಲ್ಲ, ಗೊಬ್ಬರ, ನೀರು, ಜೇನು ಕೊಡುವ ಕಾಡನ್ನು.

ಪೇಟೆ ಮತ್ತು ತೋಟವನ್ನು ಬೆಸೆದದ್ದು ಅಡಿಕೆಯ ವ್ಯಾಪಾರ. 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ಟಿ.ಎಸ್.ಎಸ್., ಬೆಳೆಗಾರರನ್ನು ದಲ್ಲಾಳಿಗಳ ಹಿಡಿತದಿಂದ ಬಿಡಿಸಲು ಹುಟ್ಟಿದ ಸಂಸ್ಥೆ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತು, ಅಂದರೆ ಆ ಹೆಸರನ್ನು ಬೇರೆ ಕಡೆಯ ಸರಕಿಗೆ ಬಳಸದಂತೆ ತಡೆಯುವ ನೋಂದಣಿ, ದೊರೆಯಿತು. ಅಡಿಕೆ ತಂದವರು ವ್ಯಾಪಾರ ಮುಗಿಸಿ ಪೇಟೆಯಲ್ಲಿ ಕಳೆಯುವ ಹೊತ್ತೇ ಪೇಟೆ ಮತ್ತು ಹಳ್ಳಿಯ ಮಾತುಕತೆ ನಡೆಯುವ ಹೊತ್ತು.

ಯಲ್ಲಾಪುರದಲ್ಲಿ ಆ ಕೆಲಸ ಮಾಡುವುದು ಭಾನುವಾರದ ಸಂತೆ. ಸಿದ್ದಿ, ಗೌಳಿ, ಕುಣಬಿ, ಹವ್ಯಕ, ಮರಾಠಿ ಹೀಗೆ ಬೇರೆ ಬೇರೆ ಸಮುದಾಯಗಳ ಕಾಡೂರಿನ ಜನ ಒಂದೆಡೆ ಸೇರುವ ಸ್ಥಳ ಅದು. ಪೂರ್ವಜರು ಆಫ್ರಿಕದಿಂದ ಬಂದ ಸಿದ್ದಿಯರು ಕನ್ನಡ, ಕೊಂಕಣಿ, ಮರಾಠಿ ಮಾತುಗಳಲ್ಲಿ ವ್ಯವಹರಿಸುವುದನ್ನು ಅಲ್ಲಿ ಕಾಣಬಹುದು. ಊರ ಹೊರಗಿನ ಕವಡಿಕೆರೆ ತೀರ್ಥಕ್ಕೂ ವಿಹಾರಕ್ಕೂ ಏಕಕಾಲಕ್ಕೆ ಒದಗುತ್ತದೆ. ಸಿದ್ದಾಪುರದಲ್ಲಿ ಸಾರ್ವಜನಿಕ ಜಾಗದ ನೆನಪು ರಾಜಕೀಯದ್ದು: 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಅಂಕೋಲೆಯೊಂದಿಗೆ ಈ ತಾಲೂಕಿನ ರೈತರು ಜಮೀನು, ದನಕರು, ಪಾತ್ರೆಪಗಡಗಳ ಜಪ್ತಿಗೂ ಬಗ್ಗದೆ ನಿಂತರು, ಜಪ್ತಿ ಮಾಲು ಕೊಂಡವರ ಮನೆಯ ಮುಂದೆ ಸತ್ಯಾಗ್ರಹ ಹೂಡಿದ ಹೆಂಗಸರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕವಿದೆ.

ಆಧುನಿಕ ಅರ್ಥದ ಉದ್ಯಾನ ಈ ಸೀಮೆಗೆ ಬಂದದ್ದು ಬಡಾವಣೆಗಳ ಜೊತೆ. ತೋಟದ ಮನೆಗಳಿಂದ ಪೇಟೆಗೆ ಬಂದು ನೆಲೆಸುವವರು ಹೆಚ್ಚಿದಂತೆ ಗದ್ದೆ ಬೇಣಗಳು ನಿವೇಶನಗಳಾದವು. ಪ್ರತಿ ಬಡಾವಣೆಯ ನಕ್ಷೆಯಲ್ಲೂ ಉದ್ಯಾನಕ್ಕೆ ಒಂದು ಪಾಲು ಬಿಡಬೇಕೆಂಬ ನಿಯಮವಿದೆ, ಹೀಗೆ ಬಿಟ್ಟ ಜಾಗ ಬೇರೆ ಉದ್ದೇಶಕ್ಕೆ ಹೋಗದಂತೆ ತಡೆಯಲು ರಾಜ್ಯದಲ್ಲಿ 1985ರ ಕಾಯಿದೆಯೊಂದೂ ಇದೆ. ಆದರೆ ನಕ್ಷೆಯಲ್ಲಿ ಹಸಿರು ಬಳಿದ ಜಾಗ ಹೆಚ್ಚಾಗಿ ಬಡಾವಣೆಯ ಮೂಲೆಯಲ್ಲಿ, ಯಾವ ಮನೆಗೂ ಒಗ್ಗದ ಇಳಿಜಾರಿನಲ್ಲಿ ಬೀಳುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ಯಾರೂ ಕಾಲಿಡುವಂತಿಲ್ಲ. ಮಳೆ ನಿಂತಾಗ ಕಾಣುವುದು ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಎಂಬ ಕಳೆಗಳು. ಜೋರು ಮಳೆಯ ಈ ನೆಲದಲ್ಲಿ ಹುಲ್ಲುಹಾಸು ಮತ್ತು ಸಿಮೆಂಟು ಬೆಂಚು ಎಂಬ ಬಯಲುಸೀಮೆಯ ಮಾದರಿ ಹೊಂದುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವ ಕಾಲ ಬಂದಿದೆ.

ಕೆರೆಗಳ ವಿಷಯದಲ್ಲಿ ಸ್ಥಿತಿ ಬೇರೆ. ಶಿರಸಿಯಂಥ ಮಳೆಯೂರಿನಲ್ಲೂ ಬೇಸಿಗೆಯಲ್ಲಿ ನೀರಿನ ಕೊರತೆ ಕಾಣಿಸಿಕೊಂಡಾಗ, ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯ ನೀರನ್ನು ನಂಬಿದ ಪೇಟೆಗೆ ತನ್ನ ಹಳೆಯ ಕೆರೆಗಳ ನೆನಪಾಯಿತು. ಶಿರಸಿ ಜೀವಜಲ ಕಾರ್ಯಪಡೆಯಂಥ ನಾಗರಿಕರ ಗುಂಪು ಸರ್ಕಾರದ ಟೆಂಡರಿಗೆ ಕಾಯದೆ ವಂತಿಗೆ ಸೇರಿಸಿ ಹೂಳೆತ್ತಿಸಿದ್ದು ಈಚಿನ ವರ್ಷಗಳ ಮುಖ್ಯ ಬೆಳವಣಿಗೆ. ಜಾತ್ರೆಗೂ ಬೇಡರ ವೇಷಕ್ಕೂ ವಂತಿಗೆ ಎತ್ತಿ ರೂಢಿಯಿದ್ದ ಊರಿಗೆ ಇದೇನು ಹೊಸ ವಿದ್ಯೆಯಾಗಿರಲಿಲ್ಲ. ಆದರೆ ಕೆರೆಯನ್ನು ಅಭಿವೃದ್ಧಿಪಡಿಸುವ ಹೆಸರಿನಲ್ಲಿ ಸುತ್ತಲೂ ಕಾಂಕ್ರೀಟ್ ಗೋಡೆ ಎಬ್ಬಿಸಿ, ಮೇಲೆ ನಡೆದಾಡುವ ಹಾದಿ, ದೀಪದ ಕಂಬ ಹಾಕುವ ಚಪಲವೂ ರಾಜ್ಯದುದ್ದಕ್ಕೂ ಬೆಳೆದಿದೆ. ಮೇಲಿನ ದಿಣ್ಣೆಯಿಂದ ಕಾಲುವೆಯಲ್ಲಿ ನೀರು ಒಳಬರಬೇಕು, ತುಂಬಿದ್ದು ಕೋಡಿಯಲ್ಲಿ ಹೊರಹೋಗಬೇಕು, ದಡದ ಮಣ್ಣು ಉಸಿರಾಡಬೇಕು; ಇವು ಮೂರೂ ಮುಚ್ಚಿಹೋದ ಮೇಲೆ ಉಳಿಯುವುದು ಕೆರೆಯಲ್ಲ, ತೊಟ್ಟಿ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಗರ ಮತ್ತು ಪಟ್ಟಣ ಆಡಳಿತಗಳು ಹೊಸ ಪಾರ್ಕಿಗೆ ಅನುದಾನ ಕೇಳುವ ಮೊದಲು ತಮ್ಮ ವ್ಯಾಪ್ತಿಯ ಕೆರೆ, ಕಾಲುವೆ, ಕೋಡಿ ಮತ್ತು ಜಾತ್ರೆಯ ಬಯಲುಗಳ ಗಡಿಯನ್ನು ಸರ್ವೆ ಮಾಡಿಸಿ, ಕಲ್ಲು ನೆಡಿಸಿ, ಆ ನಕ್ಷೆಯನ್ನು ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಬೇಕು. ಹೊಸ ಬಡಾವಣೆಗೆ ಮಂಜೂರಾತಿ ಕೊಡುವಾಗ ಉದ್ಯಾನದ ಪಾಲನ್ನು ನೀರು ಹರಿಯುವ ಕಣಿಯ ಬದಿಯಲ್ಲಿಯೇ ಬಿಡಿಸಬೇಕು. ಇದಕ್ಕೆ ಹೊಸ ಕಾನೂನಿನ ಅಗತ್ಯವಿಲ್ಲ. ಮುಂದಿನ ವಾರ್ಡ್ ಸಭೆಯಲ್ಲಿ ಈ ನಕ್ಷೆಯನ್ನು ಕೇಳುವ ಕೆಲಸ ಆಯಾ ಕೇರಿಯ ನಿವಾಸಿಗಳದು.