ಸಾಕುನಾಯಿಯ ತೂಕ ಮತ್ತು ಮನೆಯವರ ಕೈ

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವ ನನ್ನಂಥವನು ಸ್ಮರಣ ಸಂಚಿಕೆಗೆ ನಾಯಿಯ ಆರೋಗ್ಯವನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮುಂಬಯಿಯ ಚಿಕ್ಕ ಮನೆಗಳಲ್ಲಿ ನಾಯಿ ಸಾಕಿರುವ ಕನ್ನಡಿಗರು ಅನೇಕರಿದ್ದಾರೆ. ನಮ್ಮಲ್ಲಾದ ತಪ್ಪು ಅವರಲ್ಲಿಯೂ ನಡೆಯುತ್ತಿರಬಹುದೆಂಬ ಶಂಕೆಯಿಂದ ಈ ಲೇಖನ.

ನಮ್ಮ ಲ್ಯಾಬ್ರಡಾರ್ ನಾಯಿ ಶೇರು ತನ್ನ ಆರನೆಯ ವಯಸ್ಸಿನಲ್ಲಿ ಮೆಟ್ಟಿಲು ಹತ್ತಲು ಹಿಂಜರಿಯತೊಡಗಿತು. ನಮ್ಮದು ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿ. ಕಾಲಿಗೆ ಪೆಟ್ಟಾಗಿರಬೇಕೆಂದು ಪಶುವೈದ್ಯರಲ್ಲಿಗೆ ಕರೆದೊಯ್ದರೆ, ಅವರು ಕಾಲು ನೋಡುವ ಮೊದಲು ಅದನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. 38 ಕಿಲೋ! ಅದರ ಮೈಕಟ್ಟಿಗೆ 30 ಸಾಕೆಂದರು. ಪಕ್ಕೆಯ ಮೇಲೆ ಕೈಯಾಡಿಸಿದರೆ, ನಮ್ಮ ಅಂಗೈಯ ಹಿಂಬದಿಯ ಎಲುಬುಗಳು ತಾಕುವಂತೆ ಪಕ್ಕೆಲುಬುಗಳು ತಾಕಬೇಕಂತೆ. ಶೇರುವಿನ ಪಕ್ಕೆಯಲ್ಲಿ ತಾಕಿದ್ದು ಮೆತ್ತನೆಯ ಬೊಜ್ಜು ಮಾತ್ರ. ಥೈರಾಯ್ಡ್ ದೋಷದಿಂದಲೂ ತೂಕ ಏರುವುದುಂಟೆಂದು ರಕ್ತಪರೀಕ್ಷೆ ಮಾಡಿಸಿದರು. ಅಂಥ ದೋಷವೇನೂ ಇರಲಿಲ್ಲ.

ಎರಡೇ ಹೊತ್ತು ಊಟ ಹಾಕುತ್ತಿದ್ದ ನನಗೆ ಆಶ್ಚರ್ಯ. ಮುಂದಿನ ಭಾನುವಾರ ಅಡಿಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಯಾರು ಏನು ಕೊಟ್ಟರೂ ಅದರಲ್ಲಿ ಬರೆಯತಕ್ಕದ್ದೆಂದು ಕಟ್ಟಪ್ಪಣೆ ಮಾಡಿದೆ. ರಾತ್ರಿ ನೋಡಿದರೆ, ಬೆಳಗಿನ ಚಹದೊಡನೆ ನಾನೇ ಕೊಟ್ಟ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಮಗಳ ತಟ್ಟೆಯಿಂದ ಅರ್ಧ ದೋಸೆ, ಹೆಂಡತಿ ಕಲಸಿಟ್ಟ ಮೊಸರನ್ನ, ನಮ್ಮ ತಾಯಿಯವರು ತುಪ್ಪ ಸವರಿ ಕೊಟ್ಟ ಎರಡು ಚಪಾತಿ! ಒಂದೇ ಖಾತೆಗೆ ನಾಲ್ವರು ಜಮಾ ಮಾಡುತ್ತಿದ್ದೆವು; ಪಾಸ್‌ಬುಕ್ ಯಾರ ಬಳಿಯೂ ಇರಲಿಲ್ಲ.

ವೈದ್ಯರು ಹೇಳಿಕೊಟ್ಟ ಗಣಿತ ಸುಲಭವಾದುದು. ನಾಯಿಯ ಈಗಿನ ತೂಕವನ್ನಲ್ಲ, ಇರಬೇಕಾದ ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿದರೆ, ವಿಶ್ರಾಂತಿಯಲ್ಲಿರುವ ದೇಹಕ್ಕೆ ದಿನಕ್ಕೆ ಬೇಕಾಗುವ ಕ್ಯಾಲೊರಿ ಸುಮಾರಾಗಿ ದೊರೆಯುತ್ತದೆ. ತೂಕ ಇಳಿಸಲು ಇಷ್ಟರಿಂದ ಆರಂಭಿಸಬಹುದು. ಶೇರುವಿಗೆ ಬಂದದ್ದು 970. ಇದರ ಹತ್ತನೆಯ ಒಂದು ಪಾಲನ್ನು ಮಾತ್ರ, ಎಂದರೆ 97 ಕ್ಯಾಲೊರಿಯಷ್ಟನ್ನು, ಚಿಲ್ಲರೆ ತಿಂಡಿಗೆ ಬಳಸಬಹುದು. ತುಪ್ಪ ಸವರಿದ ಒಂದು ಚಪಾತಿಯೇ ಸುಮಾರು 150! ಪೊಟ್ಟಣದ ಒಣ ಆಹಾರವನ್ನು ಲೋಟದಿಂದ ಅಳೆದರೆ ಕೈ ಬದಲಾದಂತೆ ಅಳತೆಯೂ ಬದಲಾಗುತ್ತದೆ. ಗ್ರಾಂ ಲೆಕ್ಕದಲ್ಲಿ ತೂಗುವುದೇ ಸರಿ. ಹಸಿವು ಹೆಚ್ಚಾದರೆ ಉಪ್ಪು, ಒಗ್ಗರಣೆಗಳಿಲ್ಲದೆ ಬೇಯಿಸಿದ ಬೀನ್ಸ್, ಗಜ್ಜರಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿಗಳು ಮಾತ್ರ ನಾಯಿಗೆ ವಿಷ.

ಗಣಿತಕ್ಕಿಂತ ಕಷ್ಟವಾದದ್ದು ತಾಯಿಯವರನ್ನು ಒಪ್ಪಿಸುವುದು. “ಬಾಯಿಲ್ಲದ ಜೀವಾ ಉಪವಾಸ ಕೆಡವತೀಯೇನೋ?” ಎಂದು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಧಾರವಾಡದಿಂದ ಬಂದ ಅವರಿಗೆ ಹಿಂದಿ ಬಾರದು. ನಾವೆಲ್ಲ ಹೊರಟ ಮೇಲೆ ಸಂಜೆಯವರೆಗೆ ಅವರ ಕನ್ನಡ ಕೇಳುವ ಜೀವ ಶೇರು ಒಂದೇ. ಅದಕ್ಕೆ ತುತ್ತು ಕೊಡಬೇಡಿರೆಂದು ಹೇಳುವುದು ಎಷ್ಟು ಕ್ರೂರವೆಂಬುದು ನನಗೆ ತಡವಾಗಿ ಹೊಳೆಯಿತು.

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರವನ್ನು ಜೀವಮಾನವಿಡೀ ಕೊಟ್ಟರು. ಕಡಿಮೆ ತಿಂದ ಗುಂಪಿನ ಆಯುಷ್ಯದ ಮಧ್ಯಾಂಕ 13 ವರ್ಷ. ಹೆಚ್ಚು ತಿಂದವುಗಳದು 11.2. ಕೀಲುನೋವೂ ತಡವಾಗಿ ಬಂದಿತು. ಇದನ್ನು ತಾಯಿಯವರಿಗೆ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, “ಎರಡು ವರ್ಷ ಅಂದ್ರ ಕಡಿಮೀ ಆತೇನು?” ಎಂದರು.

ಅಂದಿನಿಂದ ಇಡೀ ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿಡುತ್ತೇವೆ. ಅದರಿಂದಲೇ ಒಂದು ಹಿಡಿ ತೆಗೆದು ತಾಯಿಯವರ ಡಬ್ಬಿಗೆ ಹಾಕುತ್ತೇವೆ. ಮಧ್ಯಾಹ್ನ ಅವರು ಒಂದೊಂದೇ ಕಾಳು ಎಣಿಸಿ ಕೊಡುತ್ತಾರೆ. ನಾಯಿಗೆ ಬೇಕಾಗಿದ್ದುದು ಚಪಾತಿಗಿಂತ ಹೆಚ್ಚಾಗಿ ಆ ಕೈ ಎಂದು ನನ್ನ ಊಹೆ. ಹಾಳೆಯ ಲೆಕ್ಕವೂ ಈಗ ಅವರದೇ. ಬಿಸ್ಕತ್ತಿನ ವಿಷಯದಲ್ಲಿ ಎರಡು ಬಾರಿ ಸಿಕ್ಕಿಬಿದ್ದವನು ನಾನು.

ವಾರಕ್ಕೆ ದೇಹತೂಕದ ಶೇಕಡಾ 1ರಿಂದ 2ರಷ್ಟು ಇಳಿದರೆ ಕ್ಷೇಮವೆನ್ನುತ್ತಾರೆ. ನಮ್ಮದು ಅದಕ್ಕಿಂತಲೂ ನಿಧಾನ: ಎಂಟು ತಿಂಗಳ ಬಳಿಕ 31.5 ಕಿಲೋ. ಮೂರು ಮಹಡಿಗಳನ್ನೂ ಶೇರು ನಿಲ್ಲದೆ ಹತ್ತುತ್ತದೆ. ಇನ್ನು ಒಂದೂವರೆ ಕಿಲೋ ಬಾಕಿ. ಈ ದೀಪಾವಳಿಗೆ ಚಕ್ಕುಲಿ, ಕರ್ಜಿಕಾಯಿಗಳ ಡಬ್ಬಿಗಳನ್ನು ಅಟ್ಟದ ಮೇಲೆಯೇ ಇಡತಕ್ಕದ್ದೆಂದು ತಾಯಿಯವರ ಆಜ್ಞೆಯಾಗಿದೆ.