ಗರ್ಭದ ಮೊದಲ ಎಂಟು ವಾರಗಳು

ಗರ್ಭಿಣಿಗೆ ಎಂಟನೆಯ ತಿಂಗಳು ತುಂಬುವಾಗ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲಿದೆ. ಕಣ್ಣಿಗೆ ಕಾಣದ ಜೀವವನ್ನೂ ನಮ್ಮವರೆಂದು ಗೌರವಿಸುವ ಅರ್ಥಪೂರ್ಣ ಆಚರಣೆಯಿದು. ಆದರೆ ಆ ಜೀವದ ರಕ್ಷಣೆ ಇನ್ನೂ ಬಹಳ ಮೊದಲೇ ಆರಂಭವಾಗಬೇಕು.

ಗರ್ಭ ಕಟ್ಟಿದ ಮೂರು ವಾರಗಳ ಸುಮಾರಿಗೆ ಭ್ರೂಣದ ಹೃದಯ ಮಿಡಿಯತೊಡಗುತ್ತದೆ. ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಳಿಕೆಯು ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. 8 ವಾರಗಳಲ್ಲಿ ಮುಖ್ಯ ಅಂಗಗಳಿಗೆಲ್ಲ ಅಡಿಪಾಯ ಬಿದ್ದಿರುತ್ತದೆ. ತಿಂಗಳು ನಿಂತಿತೆಂದು ಸೊಸೆಯು ಅತ್ತೆಗೆ ತಿಳಿಸುವ ವೇಳೆಗೆ ಈ ಕಾರ್ಯ ಬಹುಪಾಲು ಸಾಗಿರುತ್ತದೆ.

ತಾಯಿ ಸೇವಿಸಿದ ಮದ್ಯವು ರಕ್ತದ ಮೂಲಕ ನೇರವಾಗಿ ಶಿಶುವನ್ನು ಮುಟ್ಟುತ್ತದೆ. ಅದರಿಂದ ಬೆಳವಣಿಗೆ ಕುಂಠಿತಗೊಂಡು, ಮುಖಲಕ್ಷಣ ಬದಲಾಗಿ, ಬುದ್ಧಿಶಕ್ತಿ ಕುಂದಬಹುದೆಂದು 1973ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರಾದ ಜೋನ್ಸ್ ಮತ್ತು ಸ್ಮಿತ್ ವಿವರಿಸಿದರು. ಗರ್ಭಿಣಿಗೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿದ್ದರೂ ಸೇಂದಿ, ಬ್ರಾಂದಿಗಳ ಅಪಾಯವೂ ಅಷ್ಟೇ. ‘ನಮ್ಮ ಮನೆಯಲ್ಲಿ ಕುಡಿಯುವವರಿಲ್ಲ’ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಅಶಕ್ತತೆಗೆಂದು ಕುಡಿಸುವ ಅರಿಷ್ಟ, ಆಸವಗಳಲ್ಲಿ ಮದ್ಯಸಾರ ತಾನಾಗಿಯೇ ಉತ್ಪತ್ತಿಯಾಗಿರುತ್ತದೆ. ಬಾಟಲಿಯ ಚೀಟಿಯನ್ನು ಓದಿ, ವೈದ್ಯರನ್ನು ಕೇಳಿಯೇ ಕೊಡಬೇಕು.

ಇನ್ನು ಚಹಾ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಯ ಪಾಳಿಗೆ ಹೊರಡುವವರ ಮನೆಗಳಲ್ಲಿ, ಶಹಾಬಾದದ ಕಲ್ಲುಗಣಿಗಳಲ್ಲಿ, ಚಿತ್ತಾಪುರ, ಚಿಂಚೋಳಿಗಳ ತೊಗರಿ ಹೊಲಗಳಲ್ಲಿ ಹಸಿವನ್ನೂ ದಣಿವನ್ನೂ ಚಹಾದಿಂದಲೇ ತಡೆಯುವ ರೂಢಿಯಿದೆ. ಅದರಲ್ಲಿರುವ ಕೆಫೀನನ್ನು ಕರಗಿಸಿಕೊಳ್ಳುವ ಶಕ್ತಿ ಭ್ರೂಣಕ್ಕಿಲ್ಲ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸುವ ಗರ್ಭಿಣಿಯರು ಅದನ್ನು ತಗ್ಗಿಸಬೇಕು, ಅದರಿಂದ ಗರ್ಭಪಾತ ಹಾಗೂ ಕಡಿಮೆ ತೂಕದ ಶಿಶು ಜನಿಸುವ ಅಪಾಯ ಇಳಿಯಬಹುದು ಎಂಬುದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಸಲಹೆ. ಅನೇಕ ವೈದ್ಯರು 200 ಮಿಲಿಗ್ರಾಂ ಮೀರಬಾರದೆನ್ನುತ್ತಾರೆ. ದೊಡ್ಡ ಕಪ್ಪು ಚಹಾದಲ್ಲಿ ಸುಮಾರು 40-50 ಮಿಲಿಗ್ರಾಂ ಇರುತ್ತದೆ. ಕಾಫಿಯಲ್ಲಿ ಇನ್ನೂ ಹೆಚ್ಚು. ಎರಡು ಕಪ್ಪಿಗೆ ಅಂಜಬೇಕಾಗಿಲ್ಲ. ಆದರೆ ಊಟದೊಡನೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತದು. ಕಬ್ಬಿಣದ ಮಾತ್ರೆಯನ್ನೂ ಚಹಾದೊಡನೆ ನುಂಗಬಾರದು.

ತಿಳಿಯದೆ ಸೇವಿಸಿದ್ದವರು ಹೆದರದೆ, ಮುಚ್ಚಿಡದೆ ವೈದ್ಯರಿಗೆ ಹೇಳಲಿ. ಇಂದು ಬಿಟ್ಟರೂ ಲಾಭವುಂಟು. ಸಂತಾನ ಬಯಸುವ ಸೊಸೆಗೆ ಗರ್ಭ ನಿಲ್ಲುವ ಮೊದಲಿನಿಂದಲೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆ ಕೊಡಿಸಿರಿ, ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂಡಿಸಿರಿ. ಅವಳೊಬ್ಬಳಿಗೇ ಪಥ್ಯ ಹೇಳದೆ ಮನೆಯ ಗಂಡಸರೂ ಮದ್ಯವನ್ನು ಹೊಸ್ತಿಲ ಹೊರಗೇ ಬಿಡಲಿ. ಎಂಟನೆಯ ತಿಂಗಳಲ್ಲಿ ನಾವು ಲಿಂಗ ಕಟ್ಟುವ ಕಂದನಿಗೆ ಮೊದಲ ತಿಂಗಳಿನಲ್ಲಿಯೇ ಸಲ್ಲಬೇಕಾದ ಸೇವೆಯಿದು.